ಅಳಿವೆ ಬಾಗಿಲಿನ ಹೊತ್ತು

ಕಾರವಾರದ ಕೋಡಿಬಾಗದಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ ಕೂರ್ಮಗಡ ದ್ವೀಪ ಕೈಗೆಟುಕುವಂತೆ ಕಾಣುತ್ತದೆ. ಅದರಾಚೆ ಎಡಕ್ಕೆ ದೇವಗಡ, ನೆತ್ತಿಯ ಮೇಲೆ 1864ರ ದೀಪಸ್ತಂಭ. ಇಷ್ಟು ಹತ್ತಿರ ಕಾಣುವುದರಿಂದಲೇ ಜನ ಮೈಮರೆಯುತ್ತಾರೆ. ನಾನು ಈ ನೀರಿನಲ್ಲಿ ಮೊದಲು ಸೋದರಮಾವನ ಮೀನುದೋಣಿಯ ಹುಡುಗನಾಗಿ, ಆಮೇಲೆ ದೋಣಿ ನಡೆಸುವ ತಾಂಡೇಲನಾಗಿ, ಈಗ 34 ಅಡಿಯ ಫೈಬರ್ ದೋಣಿಯೊಂದರ ಮಾಲೀಕನಾಗಿ ಮೂವತ್ತು ವರ್ಷ ಕಳೆದಿದ್ದೇನೆ. ಹೊಸದಾಗಿ ದೋಣಿ ಇಳಿಸುವ ಹುಡುಗರು ಬಂದು ಕೇಳುತ್ತಾರೆ: ದ್ವೀಪಕ್ಕೆ ಎಷ್ಟು ಗಂಟೆಗೆ ಹೊರಡಬೇಕು? ಅವರಿಗೆ ಬಾಯಲ್ಲಿ ಹೇಳಿ ಹೇಳಿ ರೂಢಿಯಾದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಲೆಕ್ಕ ವಾಪಸಿನಿಂದ ಶುರುವಾಗಬೇಕು

ಹೊರಡುವುದು ಸುಲಭ. ಬೆಳಿಗ್ಗೆ ಏಳಕ್ಕೆ ಗಾಳಿ ಹಗುರ, ಕಡಲು ತಣ್ಣಗೆ, ಎಲ್ಲರಿಗೂ ಉತ್ಸಾಹ. ಕಷ್ಟ ಕಾದಿರುವುದು ಮಧ್ಯಾಹ್ನದ ಮೇಲೆ, ಅದೂ ಪ್ರಯಾಣದ ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಹೊಳೆ ಕಡಲಿಗೆ ಸೇರುವ ಆ ಜಾಗಕ್ಕೆ ನಮ್ಮಲ್ಲಿ ಅಳಿವೆ ಬಾಗಿಲು ಎನ್ನುತ್ತಾರೆ. ಅದು ನಿಜವಾಗಿಯೂ ಬಾಗಿಲೇ. ದಿನದ ಕೆಲವು ಹೊತ್ತು ತೆರೆದಿರುತ್ತದೆ, ಕೆಲವು ಹೊತ್ತು ಮುಚ್ಚಿರುತ್ತದೆ.

ಆದ್ದರಿಂದ ನಾನು ಮೊದಲು ಬರೆದುಕೊಳ್ಳುವುದು ಅಳಿವೆಯನ್ನು ಒಳಹೊಗುವ ಹೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ದ್ವೀಪ ಬಿಡುವ ಹೊತ್ತು ಸಿಗುತ್ತದೆ, ಇನ್ನೂ ಹಿಂದಕ್ಕೆ ಎಣಿಸಿದರೆ ಹೊರಡುವ ಹೊತ್ತು. ಈ ಎಣಿಕೆಯಲ್ಲಿ ದ್ವೀಪದ ಮೇಲೆ ಕಳೆಯಲು ಅರ್ಧ ಗಂಟೆಯೂ ಉಳಿಯದಿದ್ದರೆ ಆ ದಿನ ಹೋಗಬೇಕಾದ ದಿನವಲ್ಲ.

2. ಪಂಚಾಂಗ ಓದಲು ಕಲಿಯಿರಿ

ನಮ್ಮ ಕರಾವಳಿಯಲ್ಲಿ ಉಬ್ಬರವಿಳಿತ ದೊಡ್ಡದೇನಲ್ಲ ಎಂಬ ಮಾತಿದೆ. ಗುಜರಾತಿನ ಭಾವನಗರದಲ್ಲಿ ನೀರು ಹತ್ತು ಮೀಟರ್ ಏರಿಳಿಯುತ್ತದೆ. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಒಂದೂವರೆಯಿಂದ ಎರಡು ಮೀಟರ್, ಅಷ್ಟಮಿಗೆ ಅದರ ಅರ್ಧ. ಆದರೆ ಆ ಎರಡು ಮೀಟರ್ ನೀರು ಕಾಳಿ, ಅಘನಾಶಿನಿ, ಶರಾವತಿಯಂಥ ಹೊಳೆಗಳ ಒಳಗೆಲ್ಲ ಹರಡಿ, ಆರೇ ಗಂಟೆಯಲ್ಲಿ ಕಿರಿದಾದ ಬಾಯಿಯಿಂದ ಹೊರಬರಬೇಕಲ್ಲ. ತೆರೆದ ಕಡಲಿನಲ್ಲಿ ಉಬ್ಬರವಿಳಿತದ ಸೆಳೆತ ಗೊತ್ತೇ ಆಗುವುದಿಲ್ಲ. ಅದರ ಬಲವೆಲ್ಲ ಬಾಗಿಲಿನಲ್ಲಿದೆ.

ಚಂದ್ರನ ದಿನ ನಮ್ಮ ದಿನಕ್ಕಿಂತ ಸುಮಾರು 50 ನಿಮಿಷ ಉದ್ದ. ಹಾಗಾಗಿ ನೀರು ತುಂಬುವ ಹೊತ್ತು ದಿನಕ್ಕೆ ಅಷ್ಟಷ್ಟು ಮುಂದೆ ಹೋಗುತ್ತ, ಹದಿನೈದು ದಿನಕ್ಕೊಮ್ಮೆ ಮತ್ತೆ ಅದೇ ಗಡಿಯಾರದ ಹೊತ್ತಿಗೆ ಬಂದು ನಿಲ್ಲುತ್ತದೆ. ಕಾರವಾರದಲ್ಲಿ ಹುಣ್ಣಿಮೆಗೂ ಅಮಾವಾಸ್ಯೆಗೂ ಬೆಳಗಿನ ಹನ್ನೊಂದರ ಆಸುಪಾಸಿನಲ್ಲಿ ನೀರು ತುಂಬಿರುತ್ತದೆ, ಸಂಜೆ ಐದರ ಹೊತ್ತಿಗೆ ತಳ ಕಾಣುತ್ತದೆ. ಹುಣ್ಣಿಮೆಯಿಂದ ಎಣಿಸಿ, ಪ್ರತಿ ತಿಥಿಗೆ 50 ನಿಮಿಷ ಸೇರಿಸಿ. ಚೌತಿಗೆ ಮಧ್ಯಾಹ್ನ ಎರಡೂ ಕಾಲು, ಎರಡೂವರೆ. ಅಷ್ಟಮಿಗೆ ಸಂಜೆ ಐದರ ಮೇಲೆ. ನನ್ನ ಸೋದರಮಾವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೆರಳ ಗೆಣ್ಣು ಎಣಿಸಿ ಅವರು ಹೇಳುತ್ತಿದ್ದ ಹೊತ್ತು ಮುದ್ರಿತ ಕೋಷ್ಟಕಕ್ಕಿಂತ ಅರ್ಧ ಗಂಟೆಗಿಂತ ಹೆಚ್ಚು ತಪ್ಪಿದ್ದು ಅಪರೂಪ. ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಮುದ್ರಿಸುತ್ತದೆ. ನಾನು ಎರಡನ್ನೂ ನೋಡುತ್ತೇನೆ. ಕೋಷ್ಟಕ ನಿಮಿಷ ಹೇಳುತ್ತದೆ, ತಿಥಿ ಆ ದಿನದ ಸ್ವಭಾವ ಹೇಳುತ್ತದೆ.

ಈಗ ಸ್ವಭಾವದ ಮಾತು. ಅಷ್ಟಮಿಯ ದಿನ ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಇಳಿತ. ಆ ಹೊತ್ತಿಗೆ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸುತ್ತಿರುತ್ತದೆ. ನೀರೂ ಹೊರಕ್ಕೆ, ಗಾಳಿಯೂ ಹೊರಕ್ಕೆ. ಹನ್ನೊಂದರ ಮೇಲೆ ನೀರು ತಿರುಗಿ ಒಳಬರುತ್ತದೆ, ಮಧ್ಯಾಹ್ನದ ಕಡಲಗಾಳಿಯೂ ಒಳಕ್ಕೇ ಬೀಸುತ್ತದೆ. ಹೋಗುವಾಗಲೂ ಬರುವಾಗಲೂ ನೀರು ಗಾಳಿ ಎರಡೂ ಬೆನ್ನಿಗೆ. ಜೊತೆಗೆ ಅಷ್ಟಮಿಯ ನೀರಿಗೆ ರಭಸವೇ ಕಡಿಮೆ. ಮಕ್ಕಳು, ವಯಸ್ಸಾದವರು ಬರುವ ತಂಡ ದಿನಾಂಕ ಕೇಳಿದರೆ ನಾನು ಮೊದಲು ಹೇಳುವುದು ಅಷ್ಟಮಿ, ಅದರ ಹಿಂದುಮುಂದಿನ ಎರಡು ದಿನ.

ಹುಣ್ಣಿಮೆ, ಅಮಾವಾಸ್ಯೆಗೆ ಇದೆಲ್ಲ ತಿರುವುಮುರುವು. ಇಳಿತ ಹನ್ನೊಂದಕ್ಕೆ ಶುರು. ಆರು ಗಂಟೆಯ ಇಳಿತದಲ್ಲಿ ಅರ್ಧದಷ್ಟು ನೀರು ನಡುವಿನ ಎರಡು ಗಂಟೆಯಲ್ಲೇ ಹರಿದುಹೋಗುತ್ತದೆ. ಎಂದರೆ ಮಧ್ಯಾಹ್ನ ಒಂದರಿಂದ ಮೂರು. ಪಡುವಣ ಗಾಳಿ ಬಲಿಯುವುದೂ ಅದೇ ಹೊತ್ತಿಗೆ. ಹೊರಕ್ಕೆ ನುಗ್ಗುವ ನೀರಿಗೆ ಎದುರಾಗಿ ಗಾಳಿ ಬೀಸಿದರೆ ಅಲೆ ಗಿಡ್ಡವಾಗುತ್ತದೆ, ಕಡಿದಾಗುತ್ತದೆ, ಒಂದರ ಬೆನ್ನಿಗೊಂದು ಬರುತ್ತದೆ. ಗಾಳಿ ಸ್ವಲ್ಪ ಜೋರಾದರೂ ನೀರು ಜೊತೆಗಿದ್ದರೆ ದೋಣಿ ತಡೆಯುತ್ತದೆ. ನೀರೂ ಗಾಳಿಯೂ ಎದುರುಬದುರಾದರೆ ಸಾಧಾರಣ ಗಾಳಿಯೇ ಸಾಕು. ಹುಣ್ಣಿಮೆ ದಾಟಿದ ಮೇಲೂ ಒಂದೆರಡು ದಿನ ನೀರಿನ ಜೋರು ಏರುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು.

3. ಜಾತ್ರೆಯೂ ಹುಣ್ಣಿಮೆಗೇ ಬರುತ್ತದೆ

ಕೂರ್ಮಗಡದ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ. ಬಾಳೆಗೊನೆ ಹರಕೆ ಹೊತ್ತು ಸುತ್ತಲ ಊರಿನವರೆಲ್ಲ ದೋಣಿ ಹತ್ತುತ್ತಾರೆ. ಆ ದಿನ ಯಾವ ವರ್ಷವಾದರೂ ಸರಿ, ಮೇಲೆ ಹೇಳಿದ ಲೆಕ್ಕವೇ: ಹನ್ನೊಂದಕ್ಕೆ ಭರ್ತಿ, ಮಧ್ಯಾಹ್ನ ಪೂರ್ತಿ ಇಳಿತ, ಇಳಿತಕ್ಕೆ ಎದುರಾಗಿ ಗಾಳಿ. ಜನ ಪೂಜೆ ಮುಗಿಸಿ, ಊಟ ಮಾಡಿ ಹಿಂತಿರುಗುವುದೂ ಮಧ್ಯಾಹ್ನಕ್ಕೇ.

2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು. ಅಂದಿನ ಹುಣ್ಣಿಮೆ ಚಂದ್ರ ಭೂಮಿಗೆ ಹತ್ತಿರ ಬಂದಿದ್ದ ಹುಣ್ಣಿಮೆಯೂ ಹೌದು. ಚಂದ್ರ ಹತ್ತಿರವಿದ್ದಷ್ಟೂ ಉಬ್ಬರವಿಳಿತ ಹಿಗ್ಗುತ್ತದೆ. ಆ ಸಂಜೆ ದಡದಲ್ಲಿ ನಿಂತಿದ್ದವರ ಮುಖಗಳು ನನ್ನ ಕಣ್ಣಿನಿಂದ ಇವತ್ತಿಗೂ ಮರೆಯಾಗಿಲ್ಲ. ಅಂದಿನಿಂದ ಜಾತ್ರೆಯ ದಿನ ನನ್ನ ದೋಣಿಗೆ ಒಂದೇ ನಿಯಮ. ಬೆಳಕು ಹರಿಯುತ್ತಿದ್ದಂತೆ ಹೊರಡುವುದು, ಹತ್ತೂವರೆಗೆ ದ್ವೀಪ ಬಿಡುವುದು, ತುಂಬಿದ ನೀರಿನ ಮೇಲೆ ಒಳಬರುವುದು. ಲೈಸೆನ್ಸಿನಲ್ಲಿ ಬರೆದ ತಲೆಗಿಂತ ಒಂದು ಮಗುವೂ ಹೆಚ್ಚಿಲ್ಲ. ತಡವಾಗಿ ಹೋಗಬೇಕೆನ್ನುವವರನ್ನು ಮಾರನೇ ದಿನ ಕರೆದೊಯ್ಯುತ್ತೇನೆ. ಮಾರನೇ ದಿನ ಹೋದರೂ ಹರಕೆ ಸಲ್ಲುತ್ತದೆ ಎಂದು ಹಿರಿಯರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ.

4. ಕಡಲ ಕಡೆಯಿಂದ ಒಡೆಯುವ ಅಲೆ ಕಾಣುವುದಿಲ್ಲ

ಇದನ್ನು ನಾನು ಹೊನ್ನಾವರದಲ್ಲಿ ಕಲಿತೆ. ಫೆಬ್ರವರಿ ತಿಂಗಳು, ಅಮಾವಾಸ್ಯೆ. ಬಸವರಾಜ ದುರ್ಗ ದ್ವೀಪ ನೋಡಿ ಹಿಂತಿರುಗುತ್ತಿದ್ದೆವು. ಒಂಬತ್ತು ಜನ ಪ್ರವಾಸಿಗರು, ನಾನು, ನನ್ನ ಇಬ್ಬರು ಹುಡುಗರು. ಸಂಜೆಯ ರೈಲು ಹಿಡಿಯಬೇಕೆಂಬ ಅವಸರ ಅವರಿಗೆ. ಆ ಅವಸರವನ್ನು ನನ್ನದಾಗಿಸಿಕೊಂಡದ್ದು ನನ್ನ ತಪ್ಪು. ಮೂರೂವರೆಗೆ ಶರಾವತಿಯ ಅಳಿವೆ ಮುಂದೆ ಬಂದಾಗ ಹೊರಗಿನ ಕಡಲು ಏರಿಳಿಯುತ್ತಿತ್ತೇ ಹೊರತು ಎಲ್ಲೂ ನೊರೆಯಿಲ್ಲ. ಬಾಗಿಲಿನ ಕಡೆ ನೋಡಿದೆ. ಅಲ್ಲೂ ನುಣುಪಾದ ಬೆನ್ನುಗಳು ಸಾಲಾಗಿ ಮುಂದೆ ಸರಿಯುತ್ತಿದ್ದವು. ನಾವು ಅಲೆಯ ಬೆನ್ನು ನೋಡುತ್ತಿದ್ದೆವು. ಅದರ ಮುಖ ದಡದ ಕಡೆಗಿತ್ತು.

ಬಾಗಿಲಿಗೆ ನುಗ್ಗಿದೆ. ಮೂರನೆಯ ಅಲೆ ಹಿಂಬದಿಯನ್ನು ಎತ್ತಿತು. ಪ್ರೊಪೆಲ್ಲರ್ ನೀರು ಬಿಟ್ಟು ಗಾಳಿಯಲ್ಲಿ ಕಿರುಚಿತು. ಚುಕ್ಕಾಣಿಗೆ ಹಿಡಿತವೇ ಇಲ್ಲ. ದೋಣಿ ಅಡ್ಡ ತಿರುಗಿತು, ಜನ ಒಂದೇ ಕಡೆಗೆ ಜಾರಿದರು, ನಮ್ಮ ಚಿಕ್ಕ ಹುಡುಗ ಅಂಚಿಗೆ ಬಡಿದು ಕೊರಳೆಲುಬು ಮುರಿದುಕೊಂಡ. ಮುಂದಿನ ಅಲೆ ಮೊಣಕಾಲುದ್ದ ನೀರು ತುಂಬಿತು. ಇಂಜಿನ್ ನಿಲ್ಲಲಿಲ್ಲ, ಅದೊಂದೇ ನಮ್ಮನ್ನು ಉಳಿಸಿತು. ಒಳಗಿದ್ದ ನಾಡದೋಣಿಯವರು ಹಗ್ಗ ಎಸೆದು ಎಳೆದುಕೊಂಡರು.

ಅಂದು ನನ್ನೆದುರು ಬೇರೆ ಎರಡು ದಾರಿಗಳಿದ್ದವು. ದ್ವೀಪದ ಮರೆಯಲ್ಲಿ ಲಂಗರು ಹಾಕಿ ಸಂಜೆ ಏಳರವರೆಗೆ ಕಾಯಬಹುದಿತ್ತು. ಗಾಳಿ ಇಳಿದು ಉಬ್ಬರ ಹತ್ತಿರುತ್ತಿತ್ತು. ಇಲ್ಲವೇ ತೆಂಕಣಕ್ಕೆ 13 ನಾಟಿಕಲ್ ಮೈಲಿ ಹೋಗಿ ಮುರ್ಡೇಶ್ವರದ ಗುಡ್ಡದ ಮರೆ ಸೇರಬಹುದಿತ್ತು. ಹೊರಡುವ ಮೊದಲೇ ಇವೆರಡನ್ನೂ ಕಾಗದದ ಮೇಲೆ ಬರೆದಿದ್ದರೆ ಆ ಗಳಿಗೆಯಲ್ಲಿ ಅವು ಕಣ್ಣ ಮುಂದಿರುತ್ತಿದ್ದವು. ಬರೆದಿರಲಿಲ್ಲ. ಆದ್ದರಿಂದ ನೆನಪಿಗೂ ಬರಲಿಲ್ಲ.

ಈಗ ಯಾವ ಅಳಿವೆಯೇ ಆಗಲಿ, ಹೊರಗೆ ನಿಂತು ಇಪ್ಪತ್ತು ನಿಮಿಷ ನೋಡುತ್ತೇನೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಎರಡು ಗುಂಪುಗಳ ನಡುವೆ ಎಷ್ಟು ಬಿಡುವಿದೆ ಎಂದು ಎಣಿಸದೆ ಒಳನುಗ್ಗಬಾರದು. ದಡದಲ್ಲಿರುವ ಒಬ್ಬ ಪರಿಚಿತ ಮೀನುಗಾರನಿಗೆ ಫೋನ್ ಮಾಡಿ ಅಲೆಯ ಮುಖ ಹೇಗಿದೆ ಎಂದು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಅಳಿವೆಗೊಬ್ಬರಂತೆ ಅಂಥ ನಾಲ್ವರ ನಂಬರ್ ನನ್ನಲ್ಲಿದೆ.

5. ಅಲೆಯ ಎತ್ತರದ ಜೊತೆ ಸೆಕೆಂಡುಗಳನ್ನೂ ಓದಿ

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದಿನವೂ ಕಡಲ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಎಲ್ಲರೂ ಅಲೆಯ ಎತ್ತರ ನೋಡಿ ಪುಟ ಮುಚ್ಚುತ್ತಾರೆ. ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡು. ಒಂದು ಮೀಟರ್ ಎತ್ತರದ, 6 ಸೆಕೆಂಡಿನ ಅಲೆ ಇಲ್ಲಿನ ಗಾಳಿಯೇ ಎಬ್ಬಿಸಿದ್ದು. ಆಳ ನೀರಿನಲ್ಲಿ ಅದರ ಉದ್ದ 56 ಮೀಟರ್. ಅದೇ ಎತ್ತರದ, 14 ಸೆಕೆಂಡಿನ ಅಲೆ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಹಲವು ದಿನ ನಡೆದು ಬಂದದ್ದು. ಅದರ ಉದ್ದ 300 ಮೀಟರಿಗೂ ಹೆಚ್ಚು. ಹೊರಗಡಲಿನಲ್ಲಿ ದೋಣಿಯವನಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಅಳಿವೆಯ ಮರಳುದಿಬ್ಬ ಹತ್ತಿದೊಡನೆ ಅದು ಎದ್ದು ನಿಲ್ಲುತ್ತದೆ. ನೀರಿನ ಆಳ ಅಲೆಯ ಎತ್ತರಕ್ಕೆ ಸರಿಸುಮಾರು ಸಮನಾಗುವಷ್ಟು ಕಡಿಮೆಯಾದಾಗ ಒಡೆಯುತ್ತದೆ.

ಮೋಡವಿಲ್ಲ, ಗಾಳಿಯಿಲ್ಲ, ಕಡಲು ಮಾತ್ರ ಏರಿ ಬರುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಇನ್‌ಕಾಯ್ಸ್‌ನವರೂ ಈಗ ಎಚ್ಚರಿಕೆಯಲ್ಲಿ ಅದೇ ಪದ ಬಳಸುತ್ತಾರೆ. ಏಪ್ರಿಲ್, ಮೇ ತಿಂಗಳಿನಲ್ಲಿ ಇದರ ಕಾಟ ಹೆಚ್ಚು. ಆಗ ಶಾಲೆಗೆ ರಜೆ, ದ್ವೀಪಕ್ಕೆ ಜನವೂ ಹೆಚ್ಚು. ಆ ಎರಡು ತಿಂಗಳು 12 ಸೆಕೆಂಡಿಗೂ ಮೇಲಿನ ಅಲೆ ಒಂದು ಮೀಟರ್ ದಾಟಿದರೆ ನಾನು ಅಳಿವೆ ಇರುವ ದಾರಿ ಬಿಡುತ್ತೇನೆ.

6. ಗಾಳಿಗೂ ಒಂದು ದಿನಚರಿ ಇದೆ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದು ಕಚೇರಿಗೆ ಹೋಗುವವರಂತೆ ಕ್ರಮ ಬಿಡುವುದಿಲ್ಲ. ಬೆಳಿಗ್ಗೆ ಕಾಳಿ ಕಣಿವೆಯಿಂದ ತಣ್ಣನೆಯ ಮೂಡುಗಾಳಿ. ಹತ್ತು, ಹತ್ತೂವರೆಗೆ ಅದು ಸೋತು ಕಡಲು ಎಣ್ಣೆ ಸುರಿದಂತಾಗುತ್ತದೆ. ಹನ್ನೆರಡರ ಮೇಲೆ ಪಡುವಣ, ವಾಯವ್ಯದಿಂದ ಕಡಲಗಾಳಿ. ಮೂರರಿಂದ ಐದರವರೆಗೆ ಜೋರು. ಸೂರ್ಯ ಮುಳುಗಿದ ಮೇಲೆ ತಗ್ಗುತ್ತದೆ. ಈ ಕ್ರಮ ತಪ್ಪಿದ ದಿನ ಎಚ್ಚರವಾಗಿರಬೇಕು. ಬೆಳಿಗ್ಗೆಯೇ ಪಡುವಣ ಗಾಳಿ ಎದ್ದಿದ್ದರೆ ನಾನು ಹಗ್ಗ ಬಿಚ್ಚುವುದಿಲ್ಲ.

ಏಪ್ರಿಲ್, ಮೇ, ಅಕ್ಟೋಬರಿನಲ್ಲಿ ಅಪಾಯ ಬೆನ್ನ ಹಿಂದಿನಿಂದ ಬರುತ್ತದೆ. ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಸೂರ್ಯಾಸ್ತ ನೋಡುತ್ತಿರುವಾಗ ಸಹ್ಯಾದ್ರಿಯ ಮೇಲೆ ಮೋಡ ಬೆಳೆದು, ಕಮ್ಮಾರನ ಅಡೆಗಲ್ಲಿನಂತೆ ತಲೆ ಚಪ್ಪಟೆಯಾಗಿರುತ್ತದೆ. ಸೆಕೆಯ ನಡುವೆ ಮೂಡಣದಿಂದ ಒಂದು ತಣ್ಣನೆಯ ಬೀಸು ಕತ್ತಿಗೆ ತಗಲಿತೆಂದರೆ ಹತ್ತಿಪ್ಪತ್ತು ನಿಮಿಷದಲ್ಲಿ ಗುಡುಗುಗಾಳಿ ಬಂತೆಂದೇ ತಿಳಿಯಿರಿ. ಆ ತಿಂಗಳುಗಳಲ್ಲಿ ನನ್ನ ಹುಡುಗರಲ್ಲಿ ಒಬ್ಬನ ಕೆಲಸ ಘಟ್ಟದ ಕಡೆ ನೋಡುವುದು ಮಾತ್ರ.

7. ಮುನ್ಸೂಚನೆಯನ್ನು ಮೂರು ದಿನ ಮೊದಲಿನಿಂದ ಹಿಂಬಾಲಿಸಿ

ಹೊರಡುವ ದಿನ ಬೆಳಿಗ್ಗೆ ಒಮ್ಮೆ ನೋಡಿದರೆ ಸಾಲದು. ಮೊನ್ನೆ ಏನು ಹೇಳಿತ್ತು, ನಿನ್ನೆ ಬದಲಾಯಿತೇ, ಹೇಳಿದಂತೆ ನಡೆಯಿತೇ ಎಂದು ನೋಡಬೇಕು. ದಿನದಿಂದ ದಿನಕ್ಕೆ ಮಾತು ಬದಲಾಯಿಸುವ ಮುನ್ಸೂಚನೆ ಎಂದರೆ ಹವೆಯೇ ಇನ್ನೂ ತೀರ್ಮಾನಕ್ಕೆ ಬಂದಿಲ್ಲ ಎಂದರ್ಥ. ಹವಾಮಾನ ಇಲಾಖೆ ಮೀನುಗಾರರಿಗೆ ಕಡಲಿಗಿಳಿಯಬೇಡಿ ಎಂದಿದ್ದರೆ, ಬಂದರಿನಲ್ಲಿ ಮೂರನೇ ನಂಬರಿನ ಸಂಕೇತ ಏರಿಸಿದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು.

ದೋಣಿಯ ಕೋಣೆಯಲ್ಲಿ ಒಂದು ಬ್ಯಾರೋಮೀಟರ್ ತೂಗುಹಾಕಿದ್ದೇನೆ. ನಮ್ಮ ಕಡೆ ವಾಯುಭಾರ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ, ರಾತ್ರಿ ಹತ್ತಕ್ಕೆ ಹೆಚ್ಚು, ನಾಲ್ಕಕ್ಕೆ ಕಡಿಮೆ. ಆದ್ದರಿಂದ ಮಧ್ಯಾಹ್ನ ಮುಳ್ಳು ಇಳಿಯಿತೆಂದು ಗಾಬರಿಯಾಗಬೇಕಿಲ್ಲ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಎಂದು ಹೋಲಿಸಬೇಕು. ಮೂರು ಮಿಲಿಬಾರ್ ಕಡಿಮೆಯಿದ್ದರೆ ಅನುಮಾನ ಪಡಿ. ಐದು ಕಡಿಮೆಯಿದ್ದರೆ ಹತ್ತಿರದಲ್ಲೇ ಎಲ್ಲೋ ಚಂಡಮಾರುತವಿದೆ ಎಂದೇ ಎಣಿಸಿ.

ಮಳೆಗಾಲ ಮುಗಿದ ಮೇಲಿನ ಎರಡು ತಿಂಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2009ರ ನವೆಂಬರಿನಲ್ಲಿ ಫಯಾನ್ ಚಂಡಮಾರುತ ಲಕ್ಷದ್ವೀಪದ ಕಡೆಯಿಂದ ಎದ್ದು ನಮ್ಮ ಕರಾವಳಿಯ ಪಕ್ಕದಲ್ಲೇ ಬಡಗಣಕ್ಕೆ ಹೋಯಿತು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂದಾಗ ಹೊರರಾಜ್ಯದ ನೂರಾರು ಮೀನುದೋಣಿಗಳು ಓಡಿಬಂದು ಕಾರವಾರದ ಬಂದರಿನಲ್ಲಿ ಆಶ್ರಯ ಪಡೆದವು. ಇನ್ನು ಮಳೆಗಾಲದ ಮಾತು. ಯಾಂತ್ರಿಕ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಪ್ರವಾಸಿಗರನ್ನು ದ್ವೀಪಕ್ಕೆ ಕರೆದೊಯ್ಯುವವನು ಆಗಸ್ಟ್, ಸೆಪ್ಟೆಂಬರನ್ನೂ ಅದಕ್ಕೆ ಸೇರಿಸಿಕೊಳ್ಳುವುದು ಲೇಸು. ಕದ್ರಾ, ಗೇರುಸೊಪ್ಪೆ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಅಳಿವೆಯಲ್ಲಿ ಇಳಿತದ ಜೊತೆ ಹೊಳೆಯ ನೀರೂ ಕೂಡಿಕೊಳ್ಳುತ್ತದೆ. ಆಗ ಕೋಷ್ಟಕದ ಹೊತ್ತನ್ನು ನಂಬುವಂತಿಲ್ಲ.

8. ದೂರದ ದಾರಿಯಲ್ಲಿ ಆಶ್ರಯಗಳನ್ನು ಎಣಿಸಿಕೊಂಡು ಹೋಗಿ

ದೇವಗಡದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 50 ನಾಟಿಕಲ್ ಮೈಲಿ. ನನ್ನ ದೋಣಿ 7 ನಾಟ್‌ನಲ್ಲಿ ಹೋಗುತ್ತದೆ, ಏಳು ಗಂಟೆಗೂ ಸ್ವಲ್ಪ ಹೆಚ್ಚು. ಬೆಳಿಗ್ಗೆ ಐದಕ್ಕೆ ಹೊರಟರೂ ಸೇರುವುದು ಹನ್ನೆರಡಕ್ಕೆ, ಗಾಳಿ ಏಳುವ ಹೊತ್ತಿಗೆ. ಅದಕ್ಕೇ ನಾನು ಎರಡು ದಿನ ಮಾಡುತ್ತೇನೆ. ಮೊದಲ ದಿನ ಬಸವರಾಜ ದುರ್ಗದ ಬಳಿಗೆ ಸುಮಾರು 35 ಮೈಲಿ, ಮಾರನೇ ಬೆಳಿಗ್ಗೆ ಅಲ್ಲಿಂದ 18 ಮೈಲಿ. ಎರಡು ದಿನವೂ ಮಧ್ಯಾಹ್ನಕ್ಕೆ ಮೊದಲೇ ಲಂಗರು ಬಿದ್ದಿರುತ್ತದೆ.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಪಟ್ಟಿ ಓಡುತ್ತಿರಬೇಕು: ಈಗ ಇಂಜಿನ್ ಕೆಟ್ಟರೆ ಎಲ್ಲಿಗೆ? ಬೇಲೆಕೇರಿ ಕೊಲ್ಲಿ, ತದಡಿ, ಮುರ್ಡೇಶ್ವರದ ಗುಡ್ಡದ ಮರೆ. ತದಡಿಗೆ ಅಳಿವೆ ಇದೆ, ಹಾಗಾಗಿ ಅದು ಉಬ್ಬರದ ಹೊತ್ತಿನ ಆಶ್ರಯ ಮಾತ್ರ. ಬಿಣಗಾ, ಅರಗಾ, ಅಂಜುದೀವಿನ ಸುತ್ತಲ ನೀರು ನೌಕಾನೆಲೆಯದು. ಅದನ್ನು ದೂರವಿಟ್ಟು ಸುತ್ತಿ ಹೋಗಲು ಬೇಕಾದ ಹೊತ್ತನ್ನೂ ಎಣಿಸಿಕೊಳ್ಳಿ.

ಕರಾವಳಿಯುದ್ದಕ್ಕೂ ಕಡಲಿನ ಹರಿವೂ ಇದೆ. ಮಳೆಗಾಲದಲ್ಲಿ ಅದು ತೆಂಕಣಕ್ಕೆ, ನವೆಂಬರಿನಿಂದ ಫೆಬ್ರವರಿಯವರೆಗೆ ಬಡಗಣಕ್ಕೆ. ಅರ್ಧ ನಾಟ್ ಎಂದರೆ ಏನೂ ಅಲ್ಲ ಅನಿಸುತ್ತದೆ. ಏಳು ಗಂಟೆಯಲ್ಲಿ ಮೂರೂವರೆ ಮೈಲಿಯಾಯಿತು, ಅರ್ಧ ಗಂಟೆ ತಡ. ಅಳಿವೆ ಬಾಗಿಲಿಗೆ ಆ ಅರ್ಧ ಗಂಟೆಯೇ ಬೇಕಾಗುತ್ತದೆ. ಜಿಪಿಎಸ್ ಇದ್ದರೂ ದಿಕ್ಸೂಚಿ ನೋಡುತ್ತಿರಿ. ಅರವತ್ತು ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ತಪ್ಪಿದಂತೆ.

9. ನೇತ್ರಾಣಿಯಲ್ಲಿ ಮರೆ ಬದಲಾಗುತ್ತದೆ

ಮುರ್ಡೇಶ್ವರದಿಂದ 19 ಕಿಲೋಮೀಟರ್ ದೂರದ ಈ ದ್ವೀಪಕ್ಕೆ ಮರಳು ದಡವಿಲ್ಲ. ಸುತ್ತ ಬಂಡೆ, ಬಂಡೆಗೆ ಹತ್ತಿದಂತೆ ಆಳ, ಆಳದಲ್ಲಿ ಹವಳ. ಹವಳದ ಮೇಲೆ ಲಂಗರು ಬಿಡುವುದು ಪಾಪದ ಕೆಲಸ. ಒಂದು ಏಟಿಗೆ ಮುರಿದದ್ದು ಬೆಳೆಯಲು ಎಷ್ಟೋ ವರ್ಷ ಬೇಕು. ಮರಳಿನ ತಳ ಸಿಗುವವರೆಗೆ ಹುಡುಕಿ, ಇಲ್ಲವೇ ಒಬ್ಬರು ದೋಣಿಯಲ್ಲೇ ಉಳಿದು ಇಂಜಿನ್ ಮೇಲೆ ಸುತ್ತುತ್ತಿರಿ. ಬೆಳಗಿನ ಮೂಡುಗಾಳಿಗೆ ಪಡುವಣ ಬದಿ ತಣ್ಣಗಿರುತ್ತದೆ, ಗಾಳಿ ತಿರುಗಿದ ಮೇಲೆ ಮೂಡಣ ಬದಿ. ನಡುವಿನ ಒಂದೂವರೆ ಗಂಟೆ ಎರಡೂ ಚೆನ್ನ. ಮುಳುಗುಗಾರರನ್ನು ಇಳಿಸುವುದಿದ್ದರೆ ಆಗಲೇ ಇಳಿಸಬೇಕು, ಹನ್ನೆರಡೂವರೆಗೆ ಎಲ್ಲರೂ ಮೇಲೆ ಬಂದಿರಬೇಕು. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು. ಹೊರಡುವ ಮುನ್ನ ಕಡಲ ಎಚ್ಚರಿಕೆಗಳನ್ನು ನೋಡಲೇಬೇಕು.

ನೆತ್ತಿಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಸುತ್ತುತ್ತಿರುತ್ತವೆ. ಸಮಯದ ಪರಿವೆ ಇಲ್ಲದೆ ನೋಡುತ್ತ ನಿಲ್ಲಬೇಕೆನಿಸುವ ಜಾಗ ಅದು. ಆದ್ದರಿಂದಲೇ ಅಲ್ಲಿ ನನ್ನ ಗಡಿಯಾರಕ್ಕೆ ಅಲಾರಂ ಇಟ್ಟಿರುತ್ತೇನೆ.

10. ಗುಂಡು ಮತ್ತು ತೆಂಗಿನ ಸಿಪ್ಪೆ

ನಕ್ಷೆಯಲ್ಲಿ ಬರೆದ ಆಳಕ್ಕೆ ಆ ಹೊತ್ತಿನ ಉಬ್ಬರದ ಎತ್ತರ ಸೇರಿಸಿದರೆ ನೀರೆಷ್ಟು ಎಂದು ಸಿಗುತ್ತದೆ. ಅಳಿವೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಪ್ರತಿ ಮಳೆಗಾಲವೂ ಮರಳುದಿಬ್ಬವನ್ನು ಬೇರೆ ಕಡೆಗೆ ಸರಿಸುತ್ತದೆ. ಹೊನ್ನಾವರದಲ್ಲಂತೂ ಕಳೆದ ವರ್ಷದ ದಾರಿ ಈ ವರ್ಷದ ದಿಬ್ಬವಾಗಿರುತ್ತದೆ. ಸೋನಾರ್ ಇದ್ದರೂ ನಾನು ಸೀಸದ ಗುಂಡು ಕಟ್ಟಿದ ಹಗ್ಗ ಇಟ್ಟುಕೊಂಡಿದ್ದೇನೆ. ಮಾರಿಗೊಂದು ಗಂಟು. ಗುಂಡಿನ ಅಡಿಯ ಕುಳಿಯಲ್ಲಿ ಬಟ್ಟೆ ಸಾಬೂನು ಒತ್ತಿರುತ್ತೇನೆ. ಮೇಲೆತ್ತಿದಾಗ ಸಾಬೂನಿಗೆ ಮರಳು ಅಂಟಿದ್ದರೆ ದಿಬ್ಬದ ಮೇಲಿದ್ದೇವೆ, ಕಪ್ಪು ಕೆಸರು ಅಂಟಿದ್ದರೆ ಹೊಳೆಯ ನಡುದಾರಿಯಲ್ಲಿದ್ದೇವೆ. ಸೋನಾರ್ ಆಳ ಹೇಳುತ್ತದೆ, ಈ ಸುದ್ದಿ ಹೇಳುವುದಿಲ್ಲ.

ಸೆಳೆತ ಅಳೆಯಲು ತೆಂಗಿನ ಸಿಪ್ಪೆ ಸಾಕು. ಲಂಗರು ಹಾಕಿ ನಿಂತು ಮುಂಬದಿಯಲ್ಲಿ ಸಿಪ್ಪೆ ಬಿಡಿ. ನನ್ನ ದೋಣಿ ಹತ್ತು ಮೀಟರಿಗೆ ಸ್ವಲ್ಪ ಹೆಚ್ಚು. ಹಿಂಬದಿ ದಾಟಲು 20 ಸೆಕೆಂಡಾದರೆ ಸೆಳೆತ ಒಂದು ನಾಟ್, 10 ಸೆಕೆಂಡಾದರೆ ಎರಡು. ಎರಡು ದಾಟಿ, ಎದುರು ಗಾಳಿಯೂ ಇದ್ದರೆ ಬಾಗಿಲು ಮುಚ್ಚಿದೆ.

11. ಮಾತಾಡದೆ ಪಾಲಿಸಬೇಕಾದವು

ಎಣ್ಣೆ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು. ಜಾಕೆಟ್ ಮೈಮೇಲಿರಬೇಕು, ಸೀಟಿನ ಕೆಳಗಲ್ಲ. ವಿಎಚ್‌ಎಫ್ 16ನೇ ಚಾನೆಲ್ ಸದಾ ತೆರೆದಿರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಎಷ್ಟು ಜನ, ಯಾವ ದ್ವೀಪ, ಎಷ್ಟು ಗಂಟೆಗೆ ವಾಪಸು ಎಂಬುದನ್ನು ದಡದಲ್ಲಿ ಒಬ್ಬರಿಗೆ ಬರೆದು ಕೊಟ್ಟು ಹೋಗಿ. ನನ್ನ ಮಟ್ಟಿಗೆ ಅದು ನನ್ನ ಹೆಂಡತಿ. ಬರೆದ ಹೊತ್ತು ಮೀರಿ ಒಂದು ಗಂಟೆಯಾದರೆ ಯಾರಿಗೆ ಫೋನ್ ಮಾಡಬೇಕೆಂದು ಅವಳಿಗೆ ಗೊತ್ತು.

12. ಇನ್ನೊಂದು ಬಾಗಿಲು ಎಲ್ಲಿದೆ ಎಂದು ತಿಳಿದಿರಲಿ

ಕಾರವಾರದವರಿಗೆ ಒಂದು ಅನುಕೂಲವಿದೆ. ಕೋಡಿಬಾಗದ ಜೆಟ್ಟಿ ಹೊಳೆಯ ಒಳಗಿದೆ, ಬೈತಖೋಲಿನ ಬಂದರು ಕಡಲಿಗೆ ತೆರೆದು ಗುಡ್ಡದ ಮರೆಯಲ್ಲಿದೆ. ಅಲ್ಲಿ ಮರಳುದಿಬ್ಬವಿಲ್ಲ. ಎರಡರ ನಡುವಿನ ರಸ್ತೆ ಆಟೊದಲ್ಲಿ ಸ್ವಲ್ಪ ಹೊತ್ತಿನದು.

ಕಳೆದ ಶಿವರಾತ್ರಿಯ ಮಾರನೇ ದಿನ, ಅಮಾವಾಸ್ಯೆ. ದೇವಗಡದ ಕಡೆ ಹೋಗಿದ್ದ ತಂಡದಲ್ಲಿ ಒಬ್ಬ ಅಜ್ಜಿಗೆ ತಲೆ ಸುತ್ತಿ, ನೆರಳಿನಲ್ಲಿ ಮಲಗಿಸಿ ಹೊರಡುವಷ್ಟರಲ್ಲಿ ಒಂದೂವರೆ ಗಂಟೆ ತಡವಾಯಿತು. ಕಾಳಿಯ ಬಾಯಿಗೆ ಬಂದಾಗ ಎರಡೂಕಾಲು. ಲಂಗರು ಹಾಕಿ ಸಿಪ್ಪೆ ಬಿಟ್ಟೆ, ಎಂಟು ಸೆಕೆಂಡು. ಮುಂದೆ ಬಿಳಿ ನೊರೆಯ ಗೆರೆ ಎದ್ದು ಅಡಗುತ್ತಿತ್ತು. ಜೆಟ್ಟಿಯಲ್ಲಿ ನಿಲ್ಲಿಸಿದ್ದ ಅವರ ಕಾರುಗಳು ಕಾಣುತ್ತಿದ್ದವು. ಅಲ್ಲೇ ಇದೆಯಲ್ಲ, ಐದು ನಿಮಿಷದ ದಾರಿ ಎಂದು ಒಬ್ಬರು ಕೇಳಿದರು. ನಾನು ಲಂಗರೆತ್ತಿ ದೋಣಿಯನ್ನು ತೆಂಕಣಕ್ಕೆ ತಿರುಗಿಸಿದೆ. ಬೈತಖೋಲಿನಲ್ಲಿ ಎಲ್ಲರನ್ನೂ ಇಳಿಸಿ, ಅಜ್ಜಿಯನ್ನು ಮುಂದಿನ ಆಟೊದಲ್ಲಿ ಕೂರಿಸಿ, ಎರಡು ಆಟೊದ ಬಾಡಿಗೆ ನಾನೇ ಕೊಟ್ಟೆ.

ದೋಣಿ ಮಾತ್ರ ಅಲ್ಲೇ ಉಳಿಯಿತು. ಸಂಜೆ ಏಳೂವರೆಗೆ ಗಾಳಿ ನಿಂತು ಉಬ್ಬರ ಎರಡು ಗಂಟೆ ಹಳತಾದ ಮೇಲೆ ನಾನೂ ಹುಡುಗನೂ ಅದನ್ನು ಕಾಳಿಯೊಳಗೆ ತಂದೆವು. ಮಧ್ಯಾಹ್ನ ನೊರೆ ಎದ್ದಿದ್ದ ಜಾಗದಲ್ಲಿ ದೋಣಿ ಅಲುಗಲಿಲ್ಲ. ಹುಡುಗ ಮುಂಬದಿಯಲ್ಲಿ ಕೂತು ಗುಂಡು ಬಿಡುತ್ತ, ಹಗ್ಗದ ಗಂಟು ಬೆರಳಿನಲ್ಲಿ ಮುಟ್ಟಿ ನೋಡುತ್ತ ಕೂಗಿ ಹೇಳುತ್ತಿದ್ದ: ಎರಡು ಮಾರು, ಮರಳು. ಎರಡೂವರೆ, ಮರಳು. ಮೂರು ಮಾರು, ಕೆಸರು.